ದುರ್ಯೋಧನನಿಗೆ ಒನ್ಸ್ ಮೋರ್

ಶ್ರೀರಂಗಪಟ್ಟಣದ ಚಳಿಜ್ವರಕ್ಕೆ ಬೇಸತ್ತ ಇಂಗ್ಲಿಷರ ಸೇನೆ ಅಲ್ಲಿಂದ ಪಾಳೆಯ ಕಿತ್ತು ಬೆಂಗಳೂರಿಗೆ ಬಂದು ನೆಲೆಯೂರಿದ್ದು 1809ರಲ್ಲಿ. ಕೆಂಪೇಗೌಡನ ಪೇಟೆಯಿಂದ ಮೂಡಲಿಗೆ, ಹಲಸೂರು ಕೆರೆಗೆ ಈಚೆ, ಬಯಲು ದಿಣ್ಣೆಯ ಮೇಲೆ ಡೇರೆಗಳು ಎದ್ದವು. ಡೇರೆಯ ಹಿಂದೆ ಬ್ಯಾರಕ್ಕು, ಬ್ಯಾರಕ್ಕಿನ ಹಿಂದೆ ಬಜಾರು, ಬಜಾರಿನ ಸುತ್ತ ಗುಡಿ, ಮಸೀದಿ, ಇಗರ್ಜಿ. ಪೇಟೆಯವರು ಈ ಹೊಸ ಊರನ್ನು ದಂಡು ಎಂದು ಕರೆದರು. 1862ರಲ್ಲಿ ಪೇಟೆಗೊಂದು, ದಂಡಿಗೊಂದು ಪುರಸಭೆಯಾಯಿತು. 1881ರಲ್ಲಿ ಮೈಸೂರು ಸೀಮೆ ಒಡೆಯರ ಕೈಗೆ ಮರಳಿತು, ದಂಡು ಮರಳಲಿಲ್ಲ. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರು ಹೊತ್ತು ಬ್ರಿಟಿಷ್ ರೆಸಿಡೆಂಟರ ಆಳ್ವಿಕೆಯಲ್ಲೇ ಉಳಿಯಿತು. ಕಬ್ಬನ್ ಪಾರ್ಕಿನ ಈಚೆ ಮಹಾರಾಜರ ಅಧಿಕಾರ, ಆಚೆ ಬ್ರಿಟಿಷರ ಅಧಿಕಾರ. ಹೂವು ನೋಡಲು ಹೋದವರು ರಾಜ್ಯ ದಾಟಿ ಬರುತ್ತಿದ್ದರು.

ಇಂಥ ಜೋಡಿ ಊರಿನಲ್ಲಿ ಮನುಷ್ಯನ ಪಾಪ, ಅವನ ಹಣೆಬರಹ, ಅವನಿಗೆ ಸಿಗುವ ಅಥವಾ ಸಿಗದೆ ಹೋಗುವ ಬಿಡುಗಡೆ ರಂಗದ ಮೇಲೆ ಹೇಗೆ ಏರಿದವು ಎಂಬುದು ದೊಡ್ಡ ಕಥೆ. ಅದು ರಾಜರ, ವಿದ್ವಾಂಸರ, ಕಂಪನಿ ಮಾಲೀಕರ ಕಥೆ. ಅವರೆಲ್ಲರಿಗಿಂತ ಮಿಗಿಲಾಗಿ, ಕೈಯಿಂದ ದುಡ್ಡು ಕೊಟ್ಟು ದುರ್ಯೋಧನನ ಪಾತ್ರ ಕೊಂಡವರ ಕಥೆ.

ಮೊದಲು ಬಿಳಿಯರ ರಂಗದ ಮಾತು. ಬೆಂಗಳೂರು ರೈಫಲ್ ವಾಲಂಟಿಯರ್ಸ್ ಎಂಬ ಸ್ವಯಂಸೇವಕ ಪಡೆ 1868ರಲ್ಲಿ ಹುಟ್ಟಿತು. ಕಬ್ಬನ್ ರಸ್ತೆಯ ಅವರ ನಾಟ್ಯಮಂದಿರವೇ ಮುಂದೆ ಬಿ.ಆರ್.ವಿ. ಟಾಕೀಸ್ ಎಂದು ಹೆಸರಾಯಿತು. ಬ್ರಿಗೇಡ್ ರಸ್ತೆಯಲ್ಲಿ ಆಪೆರಾ ಹೌಸ್ ಎದ್ದಿತು. ಆಗ ಬ್ಲ್ಯಾಕ್‌ಪಲ್ಲಿ ಎನ್ನಿಸಿಕೊಂಡಿದ್ದ ಇಂದಿನ ಶಿವಾಜಿನಗರದಲ್ಲಿ, ವೈಸರಾಯ್ ಎಲ್ಜಿನ್ ಹೆಸರಿನಲ್ಲಿ, 1896ರ ಸುಮಾರಿಗೆ ಎಲ್ಜಿನ್ ಹಾಲ್ ತಲೆಯೆತ್ತಿತು. ನಾಟಕ, ನರ್ತನಗಳಿಗೆಂದು ಕಟ್ಟಿದ ಆ ಮಂದಿರವೂ ಕೊನೆಗೆ ಸಿನಿಮಾ ಥಿಯೇಟರೇ ಆಯಿತು. ದೂರದೇಶದ ಬೇಸರ ಕಳೆಯಬೇಕಾಗಿದ್ದ ಅಧಿಕಾರಿಗಳಿಗೆ ಇಲ್ಲಿ ಬೇಕಾದದ್ದು ಹಾಡು, ಹಾಸ್ಯ, ವೇಷ. ಹ್ಯಾಮ್ಲೆಟ್, ಮ್ಯಾಕ್‌ಬೆತ್‌ಗಳನ್ನು ಅವರು ತಮ್ಮ ಸಂಜೆಗಿಂತ ಹೆಚ್ಚಾಗಿ ನಮ್ಮ ಹುಡುಗರ ಪಠ್ಯಪುಸ್ತಕಕ್ಕೆ ಬಿಟ್ಟುಕೊಟ್ಟರು. ದುರಂತ ನಾಟಕ ಬೆಂಗಳೂರಿಗೆ ಕಾಲಿಟ್ಟದ್ದು ರಂಗದ ಮೆಟ್ಟಿಲು ಹತ್ತಿ ಅಲ್ಲ, ಪರೀಕ್ಷೆಯ ಕೊಠಡಿಯ ಬಾಗಿಲಿನಿಂದ.

ಅದೇ ದಂಡಿನ ಬಜಾರುಗಳಲ್ಲಿ ಇನ್ನೊಂದು ಬಗೆಯ ರಂಗದ ನೆನಪು ಜೀವಂತವಾಗಿತ್ತು. ಸೇನೆಯ ಹಿಂದೆ ಆರ್ಕಾಟು ಸೀಮೆಯಿಂದ ಬಂದು ಹಲಸೂರಿನಲ್ಲಿ, ಬ್ಲ್ಯಾಕ್‌ಪಲ್ಲಿಯಲ್ಲಿ ಬೀಡುಬಿಟ್ಟ ತಮಿಳರು ತಮ್ಮ ದೇವರನ್ನೂ ಜೊತೆಗೆ ತಂದರು. ಇನ್‌ಫೆಂಟ್ರಿ ರಸ್ತೆಯ ಮಗ್ಗುಲಲ್ಲಿ ಇಂದಿಗೂ ಧರ್ಮರಾಜ ಕೋಯಿಲ್ ಬೀದಿ ಇದೆ. ಅವರು ಬಿಟ್ಟುಬಂದ ಊರುಗಳಲ್ಲಿ ದ್ರೌಪದಿಯಮ್ಮನ ಜಾತ್ರೆ ಎಂದರೆ ದಿನಗಟ್ಟಲೆ ಭಾರತದ ಪಾರಾಯಣ, ರಾತ್ರಿಯೆಲ್ಲ ತೆರುಕೂತ್ತು ಎಂಬ ಬಯಲಾಟ, ಕೊನೆಯ ದಿನ ದುರ್ಯೋಧನವಧೆ. ಅದಕ್ಕಾಗಿ ಬಯಲಿನಲ್ಲಿ ಮಣ್ಣು ಮೆತ್ತಿ, ನೆಲದ ಮೇಲೆ ಅಂಗಾತ ಮಲಗಿದ ಭಾರಿ ದುರ್ಯೋಧನನನ್ನು ಮಾಡುತ್ತಾರೆ. ಭೀಮನ ವೇಷದವನು ಬಂದು ಅವನ ತೊಡೆ ಒಡೆಯುತ್ತಾನೆ. ದ್ರೌಪದಿಯ ಮುಡಿ ಕಟ್ಟಿದ ಮೇಲೆ ಜನ ಮುಗಿಬಿದ್ದು ಆ ಮಣ್ಣನ್ನು ಹಿಡಿಹಿಡಿಯಾಗಿ ಮನೆಗೆ ಒಯ್ದು ಕಣಜದಲ್ಲಿ ಇಡುತ್ತಾರೆ. ಕೊಂದದ್ದು ಯಾರನ್ನು, ಪ್ರಸಾದವಾಗಿ ತಂದದ್ದು ಯಾರನ್ನು ಎಂದು ಕೇಳಿದರೆ ವೇದಾಂತಿಗಳಿಗೂ ಉತ್ತರ ತಡವರಿಸೀತು. ಖಳನ ಮೈಮಣ್ಣೇ ಬೆಳೆಗೆ ಕಾವಲು ಎಂಬ ಈ ನಂಬಿಕೆಯನ್ನು ಓದುಗರು ಮರೆಯಬಾರದು, ಮುಂದೆ ಬೇಕಾಗುತ್ತದೆ.

1864ರಲ್ಲಿ ಮದರಾಸ್ ರೈಲ್ವೆಯ ಹಳಿ ಜೋಲಾರಪೇಟೆಯಿಂದ ದಂಡಿನ ಸ್ಟೇಷನ್ನಿಗೆ ಬಂದು ಮುಟ್ಟಿತು. ಪೇಟೆಯ ಕಡೆಗೆ ಸ್ಟೇಷನ್ ಆದದ್ದು ಆಮೇಲೆ. ಪರದೆಯ ಸುರುಳಿ, ಕಿರೀಟದ ಪೆಟ್ಟಿಗೆ, ಹಾರ್ಮೋನಿಯಂ ಹೊತ್ತು ಊರೂರು ಅಲೆಯುವ ನಾಟಕ ಕಂಪನಿ ಎಂಬ ಸಂಸಾರ ರೈಲಿಲ್ಲದೆ ಬೆಳೆಯುವ ಹಾಗಿರಲಿಲ್ಲ. ಪಾರ್ಸಿ ಕಂಪನಿ, ಮರಾಠಿ ಕಂಪನಿ, ಮದರಾಸಿನ ಕಂಪನಿ ಹೀಗೆ ಒಬ್ಬರ ಹಿಂದೊಬ್ಬರು ಬಂದರು. ಅವರನ್ನು ನೋಡಿ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದ ಕಂಪನಿ ಹುಟ್ಟಿತು, ಅದನ್ನು ನೋಡಿ ಇನ್ನಷ್ಟು ಹುಟ್ಟಿದವು.

ಕನ್ನಡಕ್ಕೆ ಶೇಕ್ಸ್‌ಪಿಯರ್ ಬಂದ ಬಗೆ ಸ್ವಾರಸ್ಯವಾಗಿದೆ. ಆಸ್ಥಾನ ಕವಿ ಬಸವಪ್ಪ ಶಾಸ್ತ್ರಿಗಳಿಗೆ ಇಂಗ್ಲಿಷ್ ಬಾರದು. ಸಿ. ಸುಬ್ಬರಾಯರು ಒಥೆಲೊ ಕಥೆಯನ್ನು ಬಿಡಿಸಿ ಹೇಳಿದರು, ಶಾಸ್ತ್ರಿಗಳು ಅದನ್ನು ‘ಶೂರಸೇನ ಚರಿತ್ರೆ’ ಮಾಡಿದರು. ಎಂ.ಎಲ್. ಶ್ರೀಕಂಠೇಶಗೌಡರು ಮ್ಯಾಕ್‌ಬೆತ್‌ನನ್ನು ‘ಪ್ರತಾಪರುದ್ರದೇವ’ನನ್ನಾಗಿ ಮಾಡಿದರು. ಇವರಿಗಿಂತ ಧೈರ್ಯಶಾಲಿ ಆನಂದರಾಯರು. 1889ರ ಅವರ ‘ರಾಮವರ್ಮ ಲೀಲಾವತಿ’ ರೋಮಿಯೊ ಜೂಲಿಯೆಟ್‌ರ ಕಥೆಯೇ. ಆದರೆ ಗೋರಿಯಲ್ಲಿ ಇಬ್ಬರು ಎಳೆಯರ ಹೆಣ ಬಿಟ್ಟು ಪರದೆ ಎಳೆಯಲು ಅವರ ಮನಸ್ಸು ಒಪ್ಪಲಿಲ್ಲ. ಮಹಾವಿಷ್ಣುವನ್ನು ಕರೆಸಿದರು, ಸತ್ತ ಪ್ರೇಮಿಗಳನ್ನು ಎಬ್ಬಿಸಿದರು, ಮಂಗಳ ಹಾಡಿಸಿದರು. ಇಂದಿನ ವಿಮರ್ಶಕರು ಇದನ್ನು ನೆನೆದು ನಗುತ್ತಾರೆ. ನನಗೆ ನಗು ಬರುವುದಿಲ್ಲ. ರಂಗದ ಮೇಲೆ ಸಾವನ್ನು ತೋರಿಸಬಾರದೆಂಬ ನಿಯಮವನ್ನು ಶಾಸ್ತ್ರವಾಗಿ ಇಟ್ಟುಕೊಂಡು ಬಂದ ನಾಡು ಅದು. ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಬಂದ ಸಂಸಾರಸ್ಥ ಬೆಳಗಿನ ಜಾವ ಮನೆಗೆ ಹೋಗುವಾಗ ಕೈಯಲ್ಲಿ ಏನಾದರೂ ಹಿಡಿದುಕೊಂಡು ಹೋಗಬೇಕಲ್ಲ.

ದುಃಖವನ್ನು ದುಃಖವಾಗಿಯೇ ಮುಗಿಸಿದ ಮೊದಲ ಗಟ್ಟಿಗರು ಬಳ್ಳಾರಿಯಲ್ಲಿದ್ದರು. ವಕೀಲಿ ಮಾಡಿಕೊಂಡಿದ್ದ ಧರ್ಮವರಂ ರಾಮಕೃಷ್ಣಮಾಚಾರ್ಯರು ಅಲ್ಲಿ ಸರಸ ವಿನೋದಿನಿ ಸಭೆ ಕಟ್ಟಿ ತೆಲುಗಿನಲ್ಲಿ ‘ವಿಷಾದ ಸಾರಂಗಧರ’ ಬರೆದು ಆಡಿದರು. ಮಲತಾಯಿಯ ಸುಳ್ಳು ದೂರಿಗೆ ಸಿಕ್ಕಿ ಕೈಕಾಲು ಕಳೆದುಕೊಂಡ ರಾಜಕುಮಾರನ ಕಥೆ ಅದು. ಜನಪದರ ಸಾರಂಗಧರನಿಗೆ ಸಿದ್ಧಪುರುಷನೊಬ್ಬ ಕೈಕಾಲು ಮರಳಿ ಕೊಡುತ್ತಾನೆ. ಆಚಾರ್ಯರ ನಾಟಕ ಹೆಸರಿಗೆ ತಕ್ಕಂತೆ ವಿಷಾದದಲ್ಲೇ ನಿಲ್ಲುತ್ತದೆ. ಈ ಬಳ್ಳಾರಿ ತಂಡ 1891ರಲ್ಲಿ ಮದರಾಸಿನಲ್ಲಿ ಆಡಿದ ನಾಟಕಗಳನ್ನು ಕಂಡೇ ಪಮ್ಮಲ್ ಸಂಬಂಧ ಮೊದಲಿಯಾರರು ಸುಗುಣ ವಿಲಾಸ ಸಭೆ ಹುಟ್ಟುಹಾಕಿದ್ದು. ತಮಿಳಿನ ವಿದ್ಯಾವಂತ ರಂಗಕ್ಕೆ ಬೀಜ ಹೋದದ್ದು ಇಂದಿನ ಕರ್ನಾಟಕದ ಒಂದು ಊರಿನಿಂದ ಎಂಬುದನ್ನು ನಾವು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. ಆಚಾರ್ಯರ ಬಂಧುವೂ ವಕೀಲರೂ ಆದ ಬಳ್ಳಾರಿ ರಾಘವರು ಮುಂದೆ ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಅಭಿನಯಿಸಿ, 1928ರ ಹೊತ್ತಿಗೆ ಲಂಡನ್ನಿನವರೆಗೂ ಹೋಗಿಬಂದರು.

ಬೆಂಗಳೂರಿನಲ್ಲಿ 1909ರಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಶುರುವಾಯಿತು, ಎ.ಡಿ.ಎ. ಎಂದರೆ ಸಾಕು, ಹಳಬರಿಗೆ ಗೊತ್ತು. 1919ರಲ್ಲಿ ಅದರ ಉತ್ಸವಕ್ಕೆ ರವೀಂದ್ರನಾಥ ಠಾಕೂರರೇ ಬಂದಿದ್ದರು. ಅದೇ ಕಾಲದಲ್ಲಿ ಅಸೋಸಿಯೇಷನ್ನಿನ ಸ್ಪರ್ಧೆಯಲ್ಲಿ ‘ಟೊಳ್ಳು ಗಟ್ಟಿ’ ಎಂಬ ನಾಟಕ ಬಹುಮಾನ ಗೆದ್ದಿತು. ಬರೆದವರು ಟಿ.ಪಿ. ಕೈಲಾಸಂ.

ಕೈಲಾಸಂ ವಿಚಿತ್ರ ವ್ಯಕ್ತಿ. ನ್ಯಾಯಮೂರ್ತಿ ಪರಮಶಿವ ಅಯ್ಯರರ ಮಗ, ಲಂಡನ್ನಿನಲ್ಲಿ ಭೂವಿಜ್ಞಾನ ಓದಿ 1915ರಲ್ಲಿ ಮರಳಿದವರು. ಸರ್ಕಾರಿ ಕೆಲಸ ಕೆಲವು ವರ್ಷಕ್ಕೇ ಸಾಕಾಯಿತು. ನಾಟಕಗಳನ್ನು ಕೂತು ಬರೆದದ್ದು ಕಡಿಮೆ, ಸಿಗರೇಟು ಸೇದುತ್ತ ಹೇಳಿದ್ದು ಹೆಚ್ಚು. ಗೆಳೆಯರು ಬರೆದುಕೊಂಡರು, ಉಳಿದವು. ಅರ್ಧ ಕನ್ನಡ ಅರ್ಧ ಇಂಗ್ಲಿಷಿನ ಪೇಟೆಯ ಮಾತಿನಲ್ಲಿ ಅವರು ‘ಬಂಡ್ವಾಳ್ವಿಲ್ಲದ್ ಬಡಾಯಿ’, ‘ಹೋಂ ರೂಲು’, ‘ಪೋಲಿ ಕಿಟ್ಟಿ’ ಎಂದು ನಗಿಸುತ್ತ ಹೋದರು. ಜನ ಅವರನ್ನು ಪ್ರಹಸನ ಪಿತಾಮಹ ಎಂದು ಕರೆದು ನಗುವಿನ ಪಟ್ಟ ಕಟ್ಟಿದರು.

ಆದರೆ ಅದೇ ಮನುಷ್ಯ, ಒಳಗೆ ಕುದಿಯುತ್ತಿದ್ದುದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿಕೊಂಡರು. ತಂದೆಯ ಸಾವು ತಿಳಿಯುವ ಭರತನನ್ನು ಕುರಿತ ‘ದಿ ಬರ್ಡನ್’ ಮತ್ತು ಏಕಲವ್ಯನ ಅಂತ್ಯ ಹೇಳುವ ‘ಫುಲ್‌ಫಿಲ್‌ಮೆಂಟ್’ 1933ರ ಸಂಕಲನದಲ್ಲಿ ಬಂದವು. ಆಮೇಲೆ ‘ದಿ ಪರ್ಪಸ್’. ಅರ್ಜುನನಿಗೆ ಲೋಕದ ಮೊದಲ ಬಿಲ್ಲುಗಾರನಾಗುವ ಹಂಬಲ. ಏಕಲವ್ಯನಿಗೆ ತನ್ನ ಕಾಡಿನ ಜಿಂಕೆಮರಿಗಳನ್ನು ತೋಳಗಳ ಬಾಯಿಂದ ಉಳಿಸುವ ಆಸೆ. ಇಬ್ಬರ ಉದ್ದೇಶವನ್ನು ತಕ್ಕಡಿಗಿಟ್ಟು ತೂಗಿದರೆ ಹೆಬ್ಬೆರಳು ಕಳೆದುಕೊಳ್ಳಬೇಕಾದವನು ಯಾರು? ಗುರು ಕೇಳಿದ ದಕ್ಷಿಣೆ ಕೊಟ್ಟರೆ ಜಿಂಕೆಮರಿಗಳು ಸಾಯುತ್ತವೆ, ಕೊಡದಿದ್ದರೆ ಗುರುವಿನ ಮಾತು ಸಾಯುತ್ತದೆ. ‘ಫುಲ್‌ಫಿಲ್‌ಮೆಂಟ್’ನಲ್ಲಿ ಕೃಷ್ಣ ಇನ್ನೂ ಘೋರ. ಏಕಲವ್ಯ ಕೌರವರ ಕಡೆ ಸೇರಿದರೆ ಧರ್ಮಪಕ್ಷ ಸೋಲುತ್ತದೆ ಎಂದು ಬಲ್ಲ ದೇವರು, ನಂಬಿ ಮಾತಾಡುತ್ತ ನಿಂತ ಬೇಡನನ್ನು ಕೊಂದುಹಾಕುತ್ತಾನೆ. ಆಮೇಲೆ ಬಂದದ್ದು ‘ಕರ್ಣ’, 1946ರಲ್ಲಿ. ಬ್ರಾಹ್ಮಣನ ಶಾಪವನ್ನು ಅವರು ನಾಟಕದ ಹೆಸರಿಗೇ ಏರಿಸಿದರು.

ಕನ್ನಡದಲ್ಲಿ ನಗಿಸಿದವರು ಇಂಗ್ಲಿಷಿನಲ್ಲಿ ಏಕೆ ಅತ್ತರು? ಪುರಾಣಪುರುಷರ ಗಾಂಭೀರ್ಯಕ್ಕೆ ಮನೆಮಾತು ಹೊಂದದು, ದೂರದ ಭಾಷೆ ಬೇಕು ಎಂಬುದು ಅವರ ವಾದವಾಗಿತ್ತೆಂದು ಹೇಳುವುದುಂಟು. ನನಗನ್ನಿಸುವುದು ಬೇರೆ. ಪೇಟೆಯ ಪ್ರೇಕ್ಷಕನ ಮುಂದೆ ಕೃಷ್ಣನ ಕೈಗೆ ಏಕಲವ್ಯನ ರಕ್ತ ಮೆತ್ತುವುದು ಆ ದಿನಗಳಲ್ಲಿ ಸುಲಭವಿರಲಿಲ್ಲ. ಕಬ್ಬನ್ ಪಾರ್ಕಿನ ಆಚೆಯ ದಂಡಿನ ಭಾಷೆಯಲ್ಲಿ ಅದನ್ನು ಬರೆದರೆ ಯಾರೂ ಕಲ್ಲೆಸೆಯುವುದಿಲ್ಲ. ಕಷ್ಟವೆಂದರೆ, ಯಾರೂ ಆಡುವುದೂ ಇಲ್ಲ. ದಂಡಿನ ದೊರೆಗಳಿಗೆ ಏಕಲವ್ಯ ಯಾರೆಂದು ಗೊತ್ತಿಲ್ಲ, ಗೊತ್ತಿದ್ದ ಜನಕ್ಕೆ ಆ ಇಂಗ್ಲಿಷು ದಕ್ಕದು. ಎರಡು ಪುರಸಭೆಗಳ ನಡುವೆ ಸಿಕ್ಕಿಬಿದ್ದ ನಾಟಕಗಳು ಅವು.

ಆ ಧೈರ್ಯವನ್ನು ಕನ್ನಡದಲ್ಲೇ ಮಾಡಿದವರು ಇಂಗ್ಲಿಷ್ ಪಾಠ ಹೇಳುತ್ತಿದ್ದ, ‘ಶ್ರೀ’ ಎಂದೇ ಹೆಸರಾದ ಬಿ.ಎಂ. ಶ್ರೀಕಂಠಯ್ಯನವರು. ಹತ್ತನೆಯ ಶತಮಾನದ ಕೊನೆಯಲ್ಲಿ ರನ್ನ ಬರೆದ ಗದಾಯುದ್ಧದಲ್ಲಿ ಒಂದು ಗ್ರೀಕ್ ನಾಟಕ ಅಡಗಿ ಕೂತಿದೆ ಎಂದು ಅವರಿಗೆ ಕಂಡಿತು. ರನ್ನನ ಪದ್ಯಗಳನ್ನೇ ಹೆಕ್ಕಿ ಜೋಡಿಸಿ 1926ರಲ್ಲಿ ‘ಗದಾಯುದ್ಧ ನಾಟಕಂ’ ಹೊರತಂದರು. 1929ರಲ್ಲಿ ‘ಅಶ್ವತ್ಥಾಮನ್’ ಬಂತು. ಸಾಫೊಕ್ಲೀಸನ ‘ಅಯಾಸ್’ ನಾಟಕದ ವೀರ ಭ್ರಮೆಗೊಳಗಾಗಿ ಮಾಡಬಾರದ್ದನ್ನು ಮಾಡಿ, ತಿಳಿವು ಮರಳಿದ ಮೇಲೆ ನಾಚಿಕೆ ತಾಳದೆ ತನ್ನ ಕತ್ತಿಯ ಮೇಲೆ ತಾನೇ ಬೀಳುತ್ತಾನೆ. ಶ್ರೀಯವರು ಆ ಅಚ್ಚಿಗೆ ದ್ರೋಣನ ಮಗನನ್ನು ಎರಕ ಹೊಯ್ದರು. ಆಗ ಗದ್ದಲವೆದ್ದಿತು. ಅಶ್ವತ್ಥಾಮ ಚಿರಂಜೀವಿ, ಏಳು ಮಂದಿ ಚಿರಂಜೀವಿಗಳಲ್ಲಿ ಒಬ್ಬ, ಅವನನ್ನು ಹೇಗೆ ಸಾಯಿಸಿದಿರಿ ಎಂಬುದು ಪಂಡಿತರ ಪ್ರಶ್ನೆ. ಪ್ರಶ್ನೆಯೇನೋ ಸರಿ. ಆದರೆ ವ್ಯಾಸರ ಅಶ್ವತ್ಥಾಮನಿಗೆ ಸಾವಿಲ್ಲದಿರುವುದು ವರವೇ? ಕೀವು ರಕ್ತ ಸುರಿಸುತ್ತ ಸಾವಿರಾರು ವರ್ಷ ಒಬ್ಬನೇ ಅಲೆಯುವ ಶಿಕ್ಷೆ ಅದು. ಅವನಿಗೆ ಸಾವನ್ನು ಕೊಟ್ಟ ಶ್ರೀಯವರು ಕೊಟ್ಟದ್ದು ಬಿಡುಗಡೆಯನ್ನೇ. ಆನಂದರಾಯರು ಪ್ರೇಮಿಗಳನ್ನು ಬದುಕಿಸಿ ಮಾಡಿದ ಕೆಲಸವನ್ನು ನಲವತ್ತು ವರ್ಷದ ಮೇಲೆ ಶ್ರೀಯವರು ಚಿರಂಜೀವಿಯನ್ನು ಕೊಂದು ಮಾಡಿದರು.

ಇತ್ತ ಕಂಪನಿ ರಂಗ ತನ್ನ ಪಾಡಿಗೆ ಮೆರೆಯುತ್ತಿತ್ತು. ಎ.ವಿ. ವರದಾಚಾರ್ಯರು ಹಿರಣ್ಯಕಶಿಪುವಾಗಿ ರಂಗಕ್ಕೆ ಬಂದರೆ ಪ್ರಹ್ಲಾದನ ಪಕ್ಷದ ಭಕ್ತರೂ ಅಪ್ಪನ ಕಡೆ ವಾಲುತ್ತಿದ್ದರಂತೆ. ಚಂದ್ರಕಲಾ ಕಂಪನಿಯ ಮಹಮದ್ ಪೀರ್ ಸಾಹೇಬರು ಷಾಜಹಾನನಾಗಿ ಮಗನ ಸೆರೆಯಲ್ಲಿ ಕೊರಗುವುದನ್ನು ಕಂಡವರು ಮುಪ್ಪಿನವರೆಗೂ ಮರೆಯಲಿಲ್ಲ. ಗುಬ್ಬಿ ವೀರಣ್ಣನವರು ಎಲ್ಲರನ್ನೂ ಮೀರಿಸಿದರು. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವನ್ನು ಅವರು ಕೈಗೆ ತೆಗೆದುಕೊಂಡು, ಬಿ. ಪುಟ್ಟಸ್ವಾಮಯ್ಯನವರಿಂದ ‘ಕುರುಕ್ಷೇತ್ರ’ ಬರೆಯಿಸಿ, ಮೂವತ್ತರ ದಶಕದಲ್ಲಿ ಆನೆ, ಕುದುರೆ, ರಥಗಳನ್ನೇ ರಂಗಕ್ಕೆ ತಂದರು. ಚಿಕ್ಕ ದೊರೆಗಳೂ ಇಷ್ಟು ಸೈನ್ಯ ಸಾಕುತ್ತಿರಲಿಲ್ಲ. ಆನೆ ನೋಡಲು ಬಂದ ರೈತ ಕರ್ಣನಿಗಾಗಿ ಅತ್ತುಕೊಂಡು ಊರಿಗೆ ಹೋದ. ಹೋದವನು ಸುಮ್ಮನಿರಲಿಲ್ಲ, ತಾನೂ ಒಂದು ಕುರುಕ್ಷೇತ್ರ ಆಡಿಸಿದ.

ಕೃಷ್ಣರಾಜಪುರ, ಹೂಡಿ, ವರ್ತೂರು, ಕಾಡುಗೋಡಿ, ಅತ್ತ ಹೊಸಕೋಟೆ. ದಂಡಿನ ಗಡಿ ದಾಟಿದರೆ ಮೂಡಲ ದಿಕ್ಕಿನ ಈ ಊರುಗಳೆಲ್ಲ ರಾಗಿ ಹೊಲ, ಕೆರೆ ಏರಿ, ಸೊಪ್ಪು ತರಕಾರಿಯ ಸೀಮೆ. ಹಲಸೂರು ಸಂತೆಗೆ, ಶಿವಾಜಿನಗರದ ಮಾರುಕಟ್ಟೆಗೆ ಇಲ್ಲಿಂದ ಸೊಪ್ಪಿನ ಗಾಡಿ ನಡುರಾತ್ರಿಗೆ ಹೊರಡುತ್ತಿತ್ತು. ಅಲ್ಲಿ ಮೊದಲಿದ್ದದ್ದು ಕೇಳಿಕೆ, ಮೂಡಲಪಾಯದ ಮನೆಯ ಕೂಸು. ಭಾಗವತ ಹಾಡುತ್ತ, ವೇಷ ಕುಣಿಯುತ್ತ ಬೆಳಗಾಗುವುದು. ಅದರ ಮೇಲೆ ಕಂಪನಿ ನಾಟಕದ ಮೋಹ ಬಂದು ಕೂತಿತು. ಬಯಲಿನ ಜಾಗಕ್ಕೆ ಪರದೆ ಬಂತು, ಮದ್ದಳೆಯ ಪಕ್ಕಕ್ಕೆ ಕಾಲು ಹಾರ್ಮೋನಿಯಂ ಬಂತು, ಭಾಗವತರ ಜಾಗಕ್ಕೆ ಡ್ರಾಮಾ ಮೇಷ್ಟ್ರು ಬಂದರು.

ಮೇಷ್ಟ್ರು ಊರಿಗೆ ಬರುತ್ತಿದ್ದದ್ದು ಸುಗ್ಗಿ ಮುಗಿದ ಮೇಲೆ. ಅರಳಿಕಟ್ಟೆಯಲ್ಲೋ ಯಾವುದೋ ಮನೆಯ ಪಡಸಾಲೆಯಲ್ಲೋ ಪಾತ್ರ ಹಂಚಿಕೆ. ಇಲ್ಲಿಯ ಕಾನೂನೇ ಬೇರೆ: ನಟನಿಗೆ ಯಾರೂ ಸಂಬಳ ಕೊಡುವುದಿಲ್ಲ, ಪಾತ್ರ ಬೇಕಾದವನೇ ದುಡ್ಡು ಕಟ್ಟಬೇಕು. ಆ ದುಡ್ಡಿನಿಂದಲೇ ಮೇಷ್ಟ್ರ ಫೀಸು, ಸೀನರಿ ಬಾಡಿಗೆ, ಪೆಟ್ರೋಮ್ಯಾಕ್ಸು, ಸ್ತ್ರೀಪಾತ್ರಕ್ಕೆ ಕರೆಸುವ ಕಲಾವಿದೆಯರ ಸಂಭಾವನೆ. ಒಂದೊಂದು ಪಾತ್ರಕ್ಕೆ ಒಂದೊಂದು ಬೆಲೆ. ಕೃಷ್ಣನದು ದುಬಾರಿ, ಅವನಿಗೆ ಹಾಡು ಜಾಸ್ತಿ. ದುರ್ಯೋಧನ ಅವನಿಗೆ ಸರಿಸಮ, ಎಷ್ಟೋ ಊರಿನಲ್ಲಿ ಅವನಿಗಿಂತ ಹೆಚ್ಚು. ಕರ್ಣ, ಭೀಮ ಅವರ ಬೆನ್ನಿಗೇ. ಧರ್ಮರಾಯ? ಸತ್ಯವನ್ನು ಬಿಟ್ಟು ಇನ್ನೊಂದು ಮಾತಾಡದ ಆ ಮಹಾನುಭಾವನ ಪಾತ್ರ ಅಗ್ಗ. ಕೊನೆಗೆ ಯಾರೂ ಸಿಗದಿದ್ದರೆ ಊರಿನ ಸ್ಕೂಲು ಮೇಷ್ಟ್ರ ಕೊರಳಿಗೆ ಅದು ಬೀಳುತ್ತಿತ್ತು.

ಅಡ್ಡಿಯೆಂದರೆ ಓದು ಬಾರದಿರುವುದು. ಎಷ್ಟೋ ಜನ ಮಾತನ್ನೂ ಹಾಡನ್ನೂ ಕಿವಿಯಿಂದಲೇ ಕಲಿತರು. ಹಗಲು ಏತ ಹೊಡೆಯುತ್ತ ಕಂದಪದ್ಯ, ಸಂಜೆ ದನ ಕಟ್ಟುತ್ತ ಸೀಸಪದ್ಯ. ಮೂರು ನಾಲ್ಕು ತಿಂಗಳ ಪ್ರಾಕ್ಟೀಸು ಮುಗಿಯುವ ಹೊತ್ತಿಗೆ ಹಸುವೂ ಕೃಷ್ಣಸಂಧಾನ ಬಲ್ಲುದಾಗಿರುತ್ತಿತ್ತು. ತೆಲುಗು ಮನೆಮಾತಿನವನು ಕನ್ನಡದ ಕರ್ಣನಾಗುತ್ತಿದ್ದ, ತಮಿಳು ಮನೆಮಾತಿನವನು ಶಕುನಿಯಾಗುತ್ತಿದ್ದ. ಹೊಲದಲ್ಲಿ ಬೇಲಿಗಾಗಿ ಹೊಡೆದಾಡಿ ಕೋರ್ಟು ಹತ್ತಿದ ಇಬ್ಬರು ರಂಗದ ಮೇಲೆ ಧರ್ಮರಾಯ, ಭೀಮರಾಗಿ ಒಂದೇ ತಾಯಿಯ ಮಕ್ಕಳಾಗಬೇಕಾದ ಪ್ರಸಂಗಗಳೂ ಇದ್ದವು.

ನಾಟಕದ ರಾತ್ರಿ ಒಂಬತ್ತು ಹತ್ತಕ್ಕೆ ಗಣಪತಿ ಪ್ರಾರ್ಥನೆ. ದರ್ಬಾರ್ ಸೀನಿನ ಪರದೆ ಏಳುತ್ತಲೇ ದುರ್ಯೋಧನನ ಪ್ರವೇಶ, ಕ್ಲಾರಿನೆಟ್ ಏರುದನಿಯಲ್ಲಿ. ಭುಜಕೀರ್ತಿಯ ಕನ್ನಡಿ ಚೂರುಗಳು ಮುಂದಿನ ಸಾಲಿನ ಮಕ್ಕಳ ಮುಖದ ಮೇಲೆ ಬೆಳಕು ಚೆಲ್ಲುತ್ತಿದ್ದವು. ನಡುರಾತ್ರಿ ಹೊತ್ತಿಗೆ ಜನ ಕಾದು ಕೂತ ದೃಶ್ಯ. ದ್ವಾರಕೆಯಲ್ಲಿ ಕೃಷ್ಣ ಮಲಗಿದ್ದಾನೆ, ಅಂದರೆ ಮೇಷ್ಟ್ರ ಮನೆಯ ಬೆಂಚಿನ ಮೇಲೆ ಜರಿ ಪಂಚೆ ಹಾಸಿ ಒರಗಿದ್ದಾನೆ. ದುರ್ಯೋಧನ ಮೊದಲು ಬಂದು, ಕಾಲ ಬಳಿ ಕೂರುವುದು ರಾಜನಿಗೆ ತರವಲ್ಲವೆಂದು ತಲೆಯ ಬಳಿ ಕೂರುತ್ತಾನೆ. ಆಮೇಲೆ ಬಂದ ಅರ್ಜುನ ಪಾದದ ಬಳಿ ನಿಲ್ಲುತ್ತಾನೆ. ಕಣ್ಣು ಬಿಟ್ಟ ಕೃಷ್ಣನಿಗೆ ಮೊದಲು ಕಂಡವನು ಅರ್ಜುನ. ಹದಿನೆಂಟು ಅಕ್ಷೋಹಿಣಿಯ ಹಣೆಬರಹ ಒಂದು ಬೆಂಚಿನ ಎರಡು ತುದಿಗಳಲ್ಲಿ ತೀರ್ಮಾನವಾಗಿಹೋಯಿತು. ಅದು ವಿಧಿಯೋ ದುರ್ಯೋಧನನ ಸ್ವಭಾವವೋ? ಅವನು ಕಾಲ ಬಳಿ ಕೂತಿದ್ದರೆ ಗೆಲ್ಲುತ್ತಿದ್ದ, ಆದರೆ ಕಾಲ ಬಳಿ ಕೂರುವವನು ದುರ್ಯೋಧನನೇ ಆಗಿರುತ್ತಿರಲಿಲ್ಲ. ಅಥೆನ್ಸಿನ ಕವಿಗಳು ತಲೆಕೆಡಿಸಿಕೊಂಡ ಸಮಸ್ಯೆ ಇಲ್ಲಿ ಯಾವ ವ್ಯಾಖ್ಯಾನವೂ ಇಲ್ಲದೆ ಎಲ್ಲರ ಕಣ್ಣೆದುರು ನಡೆಯುತ್ತಿತ್ತು.

ಮೂರು ಗಂಟೆಯ ಸುಮಾರಿಗೆ ಕುಂತಿ ಬಂದು ಕರ್ಣನಿಗೆ ಹುಟ್ಟಿನ ಗುಟ್ಟು ಹೇಳುತ್ತಾಳೆ. ತಾನೇ ಪಾಂಡವರ ಅಣ್ಣನೆಂದು ಗೊತ್ತಾದ ಮೇಲೂ ಉಪ್ಪು ತಿಂದ ಮನೆಗೆ ಎರಡು ಬಗೆಯುವುದಿಲ್ಲ ಎನ್ನುವವನ ಹಾಡಿಗೆ ‘ಒನ್ಸ್ ಮೋರ್’ ಬೀಳುತ್ತಿತ್ತು. ಹಾಡು ಎರಡನೇ ಸಲ, ಮೂರನೇ ಸಲ. ತಾಯಿ ಮೂರು ಸಲ ಅಳಬೇಕು. ನೋಟಿನ ಹಾರ, ಸೋದರಮಾವನ ಮುಯ್ಯಿ, ಮೈಕಿನಲ್ಲಿ ಹೆಸರಿನ ಘೋಷಣೆ. ಇವೆಲ್ಲ ರಸಭಂಗವೆಂದು ಪೇಟೆಯ ಸುಶಿಕ್ಷಿತರು ಮೂಗು ಮುರಿದರು. ನಾನು ಒಪ್ಪಲಾರೆ. ಕರ್ಣನಿಗೆ ಅವನ ಬದುಕಿನಲ್ಲಿ ಒಮ್ಮೆಯೂ ಸಿಗದ ಮನ್ನಣೆಯನ್ನು ಊರು ಅಲ್ಲಿ ಕೂಗಿ ಕರೆದು ಕೊಡುತ್ತಿತ್ತು.

ಪೂರ್ವದಲ್ಲಿ ಬೆಳಕು ಹರಿಯುವಾಗ ಗದಾಯುದ್ಧ. ವೈಶಂಪಾಯನ ಕೊಳದಿಂದೆದ್ದು ಬಂದ ಕುರುರಾಜ ತೊಡೆ ಮುರಿದು ಬಿದ್ದ ಮೇಲೆ ಗೆದ್ದ ಭೀಮನಿಗೆ ಬೀಳುವ ಚಪ್ಪಾಳೆ ಚಿಕ್ಕದು. ಬಿದ್ದವನು ಕಡೆಯ ಹಾಡು ಹಾಡುತ್ತಾನೆ, ‘ಒನ್ಸ್ ಮೋರ್’ ಎನ್ನುತ್ತಾರೆ, ಮುರಿದ ತೊಡೆಯವನು ಎದ್ದು ನಿಂತು ಮತ್ತೆ ಹಾಡಿ ಮತ್ತೆ ಬೀಳುತ್ತಾನೆ. ಮಣ್ಣಿನ ದುರ್ಯೋಧನನನ್ನು ಒಡೆದು ಕಣಜದಲ್ಲಿಟ್ಟ ಆರ್ಕಾಟಿನವರ ಮೊಮ್ಮಕ್ಕಳೂ ಆ ಗುಂಪಿನಲ್ಲಿ ಇದ್ದಿರಬೇಕು. ಅಧರ್ಮಿ ಸೋಲಬೇಕು, ಅದರಲ್ಲಿ ಯಾರಿಗೂ ಅನುಮಾನವಿಲ್ಲ. ಸೋತವನನ್ನು ಬಿಟ್ಟುಕೊಡಬಾರದು ಎಂಬುದರಲ್ಲೂ ಇಲ್ಲ. ಆನಂದರಾಯರು ವಿಷ್ಣುವನ್ನು ಕರೆದರು, ಶ್ರೀಯವರು ಸಾಫೊಕ್ಲೀಸನನ್ನು ಕರೆದರು. ಮೂಡಲ ಸೀಮೆಯವರು ಯಾರನ್ನೂ ಕರೆಯದೆ ಆ ಕೆಲಸವನ್ನು ತಾವೇ ಮಾಡಿದರು.

1946 ಕಠಿಣ ವರ್ಷ. ಜನವರಿಯಲ್ಲಿ ಶ್ರೀಯವರು, ಏಪ್ರಿಲ್‌ನಲ್ಲಿ ಬಳ್ಳಾರಿ ರಾಘವರು, ನವೆಂಬರಿನಲ್ಲಿ ಕೈಲಾಸಂ ತೀರಿಕೊಂಡರು. ಮರುವರ್ಷ ಜುಲೈ 26ರಂದು ದಂಡುಪ್ರದೇಶ ಮೈಸೂರು ಸಂಸ್ಥಾನಕ್ಕೆ ಮರಳಿತು. 1949ರಲ್ಲಿ ಎರಡು ಪುರಸಭೆ ಕೂಡಿ ಒಂದು ಕಾರ್ಪೊರೇಷನ್ ಆಯಿತು. ಕಂಪನಿಗಳ ಜಾಗವನ್ನು ಟಾಕಿ ಆಗಲೇ ನುಂಗಿತ್ತು. ಕಂಪನಿಗಳ ನಟರೇ ಸಿನಿಮಾದ ನಟರಾದರು. ಗುಬ್ಬಿ ಕಂಪನಿಯಲ್ಲಿ ಪಳಗಿದ ಮುತ್ತುರಾಜ 1954ರಲ್ಲಿ ರಾಜ್‌ಕುಮಾರ್ ಆಗಿ, ತನ್ನ ಕಣ್ಣು ಕಿತ್ತು ದೇವರಿಗಿಟ್ಟ ಬೇಡರ ಕಣ್ಣಪ್ಪನಾಗಿ ಪರದೆಗೆ ಬಂದರು.

ಮೂಡಲ ಸೀಮೆಯ ಹೊಲಗಳಿಗೆ ಕಾರ್ಖಾನೆಗಳು ಬಂದಿದ್ದವು. 1940ರಲ್ಲಿ ಎಚ್.ಎ.ಎಲ್., 1948ರಲ್ಲಿ ಕೃಷ್ಣರಾಜಪುರದ ಮಗ್ಗುಲಿಗೆ ಐ.ಟಿ.ಐ., ಆಮೇಲೆ ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ರೈತನ ಮಗ ಫಿಟ್ಟರಾದ, ಟರ್ನರಾದ. ತುಮಕೂರು, ಮಂಡ್ಯ, ಕೋಲಾರದ ಹುಡುಗರೂ ಬಂದು ಸೇರಿದರು. ಕಾರ್ಖಾನೆಯ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ನಾಟಕ ಹಿಡಿದವು. ಸೆಕೆಂಡ್ ಶಿಫ್ಟು ಮುಗಿಸಿ ಬಂದವನಿಗೆ ಕರ್ಣನ ಪ್ರಾಕ್ಟೀಸು. ಸೂಪರ್‌ವೈಸರ್ ಸೈಂಧವ, ಅವನ ಕೈಕೆಳಗಿನ ಹೆಲ್ಪರ್ ಅರ್ಜುನನಾದರೆ ಕೊನೆಯ ದೃಶ್ಯದಲ್ಲಿ ಬಾಣ ಸ್ವಲ್ಪ ಜೋರಾಗಿಯೇ ಹೋಗುತ್ತಿತ್ತು ಎಂಬ ತಮಾಷೆ ಆ ಕಾಲೋನಿಗಳಲ್ಲಿ ಹಳೆಯದು.

ಇಂಗ್ಲಿಷ್ ರಂಗಕ್ಕೆ 1960ರಲ್ಲಿ ಬೆಂಗಳೂರು ಲಿಟ್ಲ್ ಥಿಯೇಟರ್ ಬಂತು. 1972ರಲ್ಲಿ ಬಿ.ವಿ. ಕಾರಂತರು ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ಲಂಕೇಶರು ಕನ್ನಡಿಸಿದ ‘ದೊರೆ ಈಡಿಪಸ್’ ಆಡಿಸಿದಾಗ, ತನ್ನ ಪಾಪವನ್ನು ತಾನೇ ತನಿಖೆ ಮಾಡಿಕೊಳ್ಳುವ ರಾಜನನ್ನು ಹೊಸ ತಲೆಮಾರು ಕಣ್ಣರಳಿಸಿ ನೋಡಿತು. 2011ರಲ್ಲಿ ವೈಟ್‌ಫೀಲ್ಡಿನ ಬಳಿ, ವರ್ತೂರು ರಸ್ತೆಯ ಮೇಲೆ, ಜಾಗೃತಿ ರಂಗಮಂದಿರ ತೆರೆಯಿತು. ಅಷ್ಟು ಹೊತ್ತಿಗೆ ಎನ್.ಜಿ.ಇ.ಎಫ್. ಬಾಗಿಲು ಹಾಕಿ ವರ್ಷಗಳಾಗಿದ್ದವು, ಎಲ್ಜಿನ್ ಟಾಕೀಸಿನ ಗೋಡೆಗೂ ದಿನ ಎಣಿಕೆಯಾಗಿತ್ತು, ರಾಗಿ ಹೊಲಗಳಲ್ಲಿ ಸಾಫ್ಟ್‌ವೇರ್ ಗೋಪುರಗಳು ಎದ್ದಿದ್ದವು.

ಹೊಲ ಮಾರಿದ ದುಡ್ಡು ಬಂದವರಲ್ಲಿ ಕೆಲವರು ಮೊದಲು ಮಾಡಿದ್ದು ಮನೆ, ಎರಡನೆಯದು ಕಾರು, ಮೂರನೆಯದು ದುರ್ಯೋಧನನ ಪಾತ್ರ. ಈಗ ಸೀನರಿಯ ಜೊತೆ ಎಲ್.ಇ.ಡಿ. ಪರದೆ ಬರುತ್ತದೆ, ಕಾಲು ಹಾರ್ಮೋನಿಯಂ ಜಾಗಕ್ಕೆ ಕೀಬೋರ್ಡು ಬಂದಿದೆ, ಫ್ಲೆಕ್ಸಿನಲ್ಲಿ ಪಾತ್ರವರ್ಗದವರ ಭಾವಚಿತ್ರಗಳು ಪಾಸ್‌ಪೋರ್ಟ್ ಅಳತೆಯಿಂದ ಬೆಳೆದು ಆಳೆತ್ತರವಾಗಿವೆ. ಪಾತ್ರದ ದರ ಮಾತ್ರ ಅದೇ ಕ್ರಮದಲ್ಲಿದೆ. ಮೇಷ್ಟ್ರು ಪಟ್ಟಿ ಹಿಡಿದು ಕೂತರೆ ಮೊದಲು ಹೋಗುವವರು ದುರ್ಯೋಧನ, ಕೃಷ್ಣ, ಕರ್ಣ; ಧರ್ಮರಾಯನಿಗೆ ಆಳು ಹುಡುಕಲು ಇಂದಿಗೂ ಎರಡು ಮೂರು ಊರು ತಿರುಗಬೇಕು.